ವಿಮಾನ ರಾತ್ರಿ ತಂಗುವ ಊರು: ಸಾಂಬ್ರಾದ ಬಾಡಿಗೆ ಹಾರಾಟದ ಲೆಕ್ಕ

ಬೆಳಗಾವಿಯ ಉದ್ಯಮಿಯೊಬ್ಬರು ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಮರಳಲು ಎಂಟು ಸೀಟಿನ ಕಿಂಗ್ ಏರ್ ವಿಮಾನವನ್ನು ಬಾಡಿಗೆಗೆ ಕೇಳುತ್ತಾರೆ. ವಿಮಾನ ಇರುವುದು ಬೆಂಗಳೂರಿನಲ್ಲಿ. ಅದು ಬೆಳಗಾವಿಯ ವಿಮಾನ ನಿಲ್ದಾಣವಾದ ಸಾಂಬ್ರಾಕ್ಕೆ ಖಾಲಿ ಬರಲು ಸುಮಾರು 1 ತಾಸು, ಗಿರಾಕಿಯನ್ನು ಕರೆದೊಯ್ದು ತಂದು ಬಿಡಲು 2 ತಾಸು, ಮತ್ತೆ ಖಾಲಿ ವಾಪಸಾಗಲು 1 ತಾಸು. ಅವರು ಕೂತಿದ್ದು 2 ತಾಸು, ಬಿಲ್ಲು 4 ತಾಸಿನದು. ಅದೇ ವಿಮಾನ ರಾತ್ರಿ ಸಾಂಬ್ರಾದಲ್ಲೇ ತಂಗಿದ್ದರೆ ಬಿಲ್ಲು ಅರ್ಧಕ್ಕೆ ಇಳಿಯುತ್ತಿತ್ತು. ಸಣ್ಣ ವಿಮಾನ ಕಂಪನಿಯ ಹಣೆಬರಹವನ್ನು ಬಹುಪಾಲು ಬರೆಯುವುದು ಈ ಖಾಲಿ ಹಾರಾಟವೇ.

ದೇಶದಲ್ಲಿ ಇಂಥ ಕಂಪನಿಗಳಿಗೆ ಬಹುಕಾಲ ಹೆಚ್ಚು ಜಾಗವಿರಲಿಲ್ಲ. 1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆ ವೇಳಾಪಟ್ಟಿಯ ವಿಮಾನ ಸೇವೆಯನ್ನು ಸರ್ಕಾರದ ಕೈಗೆ ಒಪ್ಪಿಸಿತು. ಸಣ್ಣ ಊರುಗಳಿಗಾಗಿ 1981ರಲ್ಲಿ ಹುಟ್ಟಿದ ವಾಯುದೂತ್ ಕೂಡ ಸರ್ಕಾರದ್ದೇ, ಹೆಚ್ಚು ಕಾಲ ಬಾಳಲಿಲ್ಲ. 1990ರ ಸುಮಾರಿಗೆ ಏರ್ ಟ್ಯಾಕ್ಸಿ ನೀತಿ ಬಂದು ಖಾಸಗಿಯವರಿಗೆ ಕಿಂಡಿ ತೆರೆಯಿತು, 1994ರಲ್ಲಿ ಹಳೆಯ ಕಾಯ್ದೆ ರದ್ದಾಯಿತು. ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಬಾಡಿಗೆಯಿಂದ ಆರಂಭಿಸಿ, 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. ಬಾಡಿಗೆಯಿಂದ ವೇಳಾಪಟ್ಟಿಯ ಸೇವೆಗೆ ದಾಟುವ ದಾರಿ ಕರ್ನಾಟಕಕ್ಕೆ ಹೊಸದಲ್ಲ. ಪರವಾನಗಿ ಮಾತ್ರ ಬೇರೆ ಬೇರೆ: ನಾನ್ ಷೆಡ್ಯೂಲ್ಡ್, ಅಂದರೆ ಬಾಡಿಗೆ ಹಾರಾಟದ ಪರವಾನಗಿ ಇರುವವರು ನಿತ್ಯದ ವೇಳಾಪಟ್ಟಿ ಪ್ರಕಟಿಸಿ ಟಿಕೆಟ್ ಮಾರುವಂತಿಲ್ಲ.

ಸಾಂಬ್ರಾ ನಿಲ್ದಾಣ 1942ರದು, ಎರಡನೇ ಮಹಾಯುದ್ಧದ ಕೂಸು. ಈಗಲೂ ಪಕ್ಕದಲ್ಲೇ ವಾಯುಪಡೆಯ ತರಬೇತಿ ಕೇಂದ್ರವಿದೆ. ರನ್‌ವೇ 2,300 ಮೀಟರ್‌ಗೆ ಬೆಳೆದು, 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆಯಿತು. ಆದರೆ 2018ರಲ್ಲಿ ಸಣ್ಣ ಊರುಗಳ ವಿಮಾನ ಸೇವೆಗೆ ನೆರವು ಕೊಡುವ ಕೇಂದ್ರದ ಉಡಾನ್ ಯೋಜನೆಯ ಬಲದಿಂದ ಹುಬ್ಬಳ್ಳಿಗೆ ವಿಮಾನಗಳು ಬರತೊಡಗಿದಾಗ ಬೆಳಗಾವಿಯ ಸೇವೆಗಳು ಅತ್ತ ಸರಿದವು. ಕಟ್ಟಡ ಹೊಸದು, ಆಕಾಶ ಖಾಲಿ. 2019ರ ಜನವರಿಯಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಮಾರ್ಗಗಳು ಸಿಕ್ಕವು. ಹೆಲಿಕಾಪ್ಟರ್ ಬಾಡಿಗೆಯಿಂದ ಬಂದ ಘೋಡಾವತ್ ಸಮೂಹದ ಸ್ಟಾರ್ ಏರ್ ಅದೇ ತಿಂಗಳು ಹಾರಾಟ ಶುರುಮಾಡಿ, ಮುಂದೆ ಇಲ್ಲಿಂದ ಅಹಮದಾಬಾದ್, ಇಂದೋರ್, ಸೂರತ್, ನಾಶಿಕ್, ಜೋಧಪುರಗಳಿಗೆ ನೇರ ದಾರಿ ಹಾಕಿತು.

ಸ್ಟಾರ್ ಏರ್ ಆರಿಸಿಕೊಂಡ ಎಂಬ್ರೇರ್ 145 ವಿಮಾನದಲ್ಲಿ ಸೀಟು 50. ಇದು ಆಕಸ್ಮಿಕವಲ್ಲ. 50 ಸೀಟಿನವರೆಗೆ ಒಬ್ಬ ಗಗನಸಖಿ ಸಾಕು, 51ನೇ ಸೀಟಿಗೆ ಇಬ್ಬರು ಬೇಕು. ಉಡಾನ್‌ನಲ್ಲಿ ಸುಮಾರು ಅರ್ಧ ಸೀಟುಗಳಿಗೆ ದರದ ಮಿತಿ ಇರುತ್ತದೆ, ಕೊರತೆಯನ್ನು ಸರ್ಕಾರ 3 ವರ್ಷ ತುಂಬಿಕೊಡುತ್ತದೆ. ಆಮೇಲೆ ಸೀಟು ತಾನೇ ತುಂಬಬೇಕು. ಅನೇಕ ಸಣ್ಣ ಮಾರ್ಗಗಳು ಸೊರಗುವುದು ಈ ತಿರುವಿನಲ್ಲೇ.

ಬೆಳಗಾವಿಯ ಹವೆ ಬೇರೆ ಪರೀಕ್ಷೆ ಒಡ್ಡುತ್ತದೆ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಗಾಳಿ ತೆಳುವಾದಾಗ ರೆಕ್ಕೆಯ ಎತ್ತುವ ಬಲವೂ ಎಂಜಿನ್ ಶಕ್ತಿಯೂ ಕುಗ್ಗಿ, ಅದೇ ತೂಕಕ್ಕೆ ಹೆಚ್ಚು ರನ್‌ವೇ ಬೇಕಾಗುತ್ತದೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಬದಲಿ ನಿಲ್ದಾಣಕ್ಕೆ ಹೋಗುವ ಇಂಧನ ಟ್ಯಾಂಕಿನಲ್ಲಿರಬೇಕು, ಅದರ ಮೇಲೆ ಜೆಟ್ ವಿಮಾನಕ್ಕೆ 30 ನಿಮಿಷದ ಕೊನೆಯ ಮೀಸಲು. ಗೋವಾ, ಹುಬ್ಬಳ್ಳಿ ಹತ್ತಿರವಿದ್ದರೂ ಅಲ್ಲೂ ಅದೇ ಮಳೆ ಇದ್ದರೆ ದೂರದ ಊರನ್ನೇ ಬದಲಿಯಾಗಿ ಹಿಡಿಯಬೇಕು. ಹೆಚ್ಚುವರಿ 500 ಲೀಟರ್ ಎಂದರೆ ಸುಮಾರು 400 ಕಿಲೋ, ಅಂದರೆ ಐದು ಜನರ ಭಾರ. ತೂಕದ ಮಿತಿ ಮುಟ್ಟಿದ ದಿನ ಅಷ್ಟು ಸೀಟು ಅಥವಾ ಲಗೇಜು ಬಿಡಬೇಕು.

ಇನ್ನು ರಿಪೇರಿ. ಪ್ರತಿ ದೋಷಕ್ಕೂ ವಿಮಾನ ನಿಲ್ಲುವುದಿಲ್ಲ. ಯಾವ ಉಪಕರಣಗಳು ಕೆಟ್ಟಾಗ ಹಾರಬಹುದು ಎಂಬುದಕ್ಕೆ ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ಇದೆ: ಬಿ ವರ್ಗದ ದೋಷ 3 ದಿನದಲ್ಲಿ, ಸಿ 10 ದಿನದಲ್ಲಿ, ಡಿ 120 ದಿನದಲ್ಲಿ ಸರಿಯಾಗಬೇಕು. ಆದರೆ ಟಯರ್ ಮಿತಿ ಮೀರಿ ಕೊಯ್ದುಕೊಂಡರೆ ರಿಯಾಯಿತಿ ಇಲ್ಲ, ನಿಂತಲ್ಲೇ ನಿಲ್ಲಬೇಕು. ಬಿಡಿಭಾಗವೂ ಲೈಸನ್ಸ್ ಇರುವ ಎಂಜಿನಿಯರೂ ಬೇರೆ ಊರಿಂದ ಬರಬೇಕು. ದೊಡ್ಡ ಕಂಪನಿ ಇನ್ನೊಂದು ವಿಮಾನ ಕಳಿಸುತ್ತದೆ. ಎರಡೇ ವಿಮಾನವಿರುವವರಿಗೆ ಬೆಳಗಿನ ಒಂದು ಟಯರ್ ರಾತ್ರಿಯವರೆಗಿನ ಎಲ್ಲ ಊರುಗಳ ಹಾರಾಟವನ್ನೂ ಕೆಡಿಸುತ್ತದೆ.

ವಿಜಯಪುರದ ಬುರಣಾಪುರ ನಿಲ್ದಾಣದ ಚರ್ಚೆಯಲ್ಲಿ ರನ್‌ವೇಯ ಉದ್ದ, ಅಲ್ಲಿ ಏರ್‌ಬಸ್ ಇಳಿಯುವ ವಿಷಯವೇ ಹೆಚ್ಚು ಕೇಳಿಬಂತು. ರಾತ್ರಿ ಎಷ್ಟು ವಿಮಾನ ನಿಲ್ಲಬಹುದು, ಬೆಳಗಿನ 6ಕ್ಕೆ ಇಂಧನದ ಲಾರಿ ಸಿದ್ಧವಿರುತ್ತದೆಯೇ, ಎಂಜಿನಿಯರ್ ಊರಲ್ಲೇ ಇರುತ್ತಾರೆಯೇ ಎಂಬುದನ್ನೂ ಅಷ್ಟೇ ಒತ್ತಿ ಕೇಳಬೇಕಿದೆ.