ಸ್ಪಿಟ್‌ಫೈರ್‌ಗಿಂತ ಮುಂಚೆ ಬಂದು ಸೋತ ಟೈಪ್ 224

ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಸ್ಪಿಟ್‌ಫೈರ್ ಹೆಸರು ಕೇಳದೇ ಇರೋ ವಿಮಾನದ ಹುಚ್ಚರು ಸಿಗೋದು ಕಷ್ಟ. ಆದ್ರೆ ಅದನ್ನ ಡಿಸೈನ್ ಮಾಡಿದ ರೆಜಿನಾಲ್ಡ್ ಮಿಚೆಲ್ ಅವ್ರದ್ದೇ ಇನ್ನೊಂದು ಫೈಟರ್ ಎರಡು ವರ್ಷ ಮುಂಚೆ ಹಾರಿತ್ತು, ಸೂಪರ್‌ಮರೀನ್ ಕಂಪನಿಯ ಟೈಪ್ 224 ಅಂತ. ಸ್ಪಿಟ್‌ಫೈರ್ ಅನ್ನೋ ಹೆಸರು ಮೊದ್ಲು ಇಡೋಕೆ ಹೊರಟಿದ್ದೂ ಇದಕ್ಕೇ. ಫೇಲ್ ಆಯ್ತು ಅಂತ ಒಂದೇ ಸಾಲಲ್ಲಿ ಇದನ್ನ ಮುಗಿಸಿಬಿಡೋದು ನಂಗೆ ಅನ್ಯಾಯ ಅನ್ಸುತ್ತೆ.

1931ರ ಸೆಪ್ಟೆಂಬರಲ್ಲಿ ಮಿಚೆಲ್ ಅವರ ಎಸ್.6ಬಿ ಸೀಪ್ಲೇನ್ ಗಂಟೆಗೆ 655 ಕಿ.ಮೀ. ಓಡಿ ವಿಶ್ವದಾಖಲೆ ಮಾಡಿತ್ತು. ಮುಂದಿನ ತಿಂಗಳೇ ಬ್ರಿಟನ್ನಿನ ವಾಯು ಸಚಿವಾಲಯ ಹೊಸ ಫೈಟರ್ ಬೇಕು ಅಂತ ಎಫ್.7/30 ಸ್ಪೆಸಿಫಿಕೇಶನ್ ಹೊರಡಿಸ್ತು. ನಾಲ್ಕು ಮಷಿನ್ ಗನ್ ಇರ್ಬೇಕು, ರಾತ್ರೀನೂ ಹಾರ್ಬೇಕು, ಬೇಗ ಮೇಲೇರ್ಬೇಕು, ಆದ್ರೆ ಇಳಿಯೋವಾಗ ಮಾತ್ರ ಸ್ಪೀಡ್ ತೀರಾ ಕಮ್ಮಿ ಇರ್ಬೇಕು. ನಿಧಾನಕ್ಕೆ ಇಳೀಬೇಕು ಅಂದ್ರೆ ದೊಡ್ಡ ರೆಕ್ಕೆ ಬೇಕು, ದೊಡ್ಡ ರೆಕ್ಕೆ ಅಂದ್ಮೇಲೆ ವೇಗ ಹೋಯ್ತು, 224ರ ರೆಕ್ಕೆ ತುದಿಯಿಂದ ತುದಿಗೆ ಹತ್ತತ್ರ 14 ಮೀಟರ್ ಇತ್ತು, ಸಾಲದ್ದಕ್ಕೆ ಮಡಚೋಕಾಗದ ಚಕ್ರಗಳು ಬೇರೆ.

ನಿಜವಾದ ತಲೆನೋವು ಶುರುವಾಗಿದ್ದು ಇಂಜಿನ್‌ನಿಂದ. ಸಚಿವಾಲಯದವ್ರಿಗೆ ಇಷ್ಟವಾಗಿದ್ದು ರೋಲ್ಸ್ ರಾಯ್ಸ್ ಗೋಸ್‌ಹಾಕ್, ಅದನ್ನ ತಣ್ಣಗಿಡೋ ವಿಧಾನ ಅವತ್ತಿಗೆ ಭಾರಿ ಹೊಸದು. ಪ್ರೆಷರ್ ಇದ್ರೆ ನೀರು ನೂರು ಡಿಗ್ರಿ ದಾಟಿದ್ರೂ ಆವಿ ಆಗಲ್ಲ, ಹಂಗಾಗಿ ಇಂಜಿನ್ ಒಳಗೆ ನೀರನ್ನ ಪ್ರೆಷರಲ್ಲೇ ಇಟ್ಟು, ಹೊರಗೆ ಬಂದ್ಮೇಲೆ ಪ್ರೆಷರ್ ಇಳಿಸಿ ಆವಿ ಮಾಡೋದು, ಆ ಆವಿ ರೆಕ್ಕೆಯ ಮುಂದಿನ ಅಂಚಿನ ತಗಡಿನ ಹಿಂದೆ ಹರಿದು ಎದುರುಗಾಳಿಗೆ ತಣ್ಣಗಾಗಿ ಮತ್ತೆ ನೀರಾಗೋದು, ಆ ನೀರು ಚಕ್ರದ ಕಾಲುಗಳ ಕವಚದೊಳಗಿರೋ ಟ್ಯಾಂಕಿಗೆ ಇಳಿದು ಅಲ್ಲಿಂದ ಪಂಪಲ್ಲಿ ವಾಪಸ್ ಮೇಲಕ್ಕೆ ಹೋಗೋದು. ರೇಡಿಯೇಟರ್ ಹೊರಗೆ ಗಾಳಿಗೆ ಅಡ್ಡ ನಿಲ್ಲಲ್ಲ, ಕಾಗದದ ಮೇಲೆ ಅದ್ಭುತ ಐಡಿಯಾ! ಆದ್ರೆ ಟ್ಯಾಂಕಲ್ಲಿರೋ ನೀರು ಕುದಿಯೋ ಹಂತದಲ್ಲೇ ಇರ್ತಿತ್ತು, ಪಂಪ್ ಎಳೆದ ಕೂಡ್ಲೆ ಪ್ರೆಷರ್ ಬಿದ್ದು ಅದು ಪೈಪಲ್ಲೇ ಆವಿ ಆಗ್ತಿತ್ತು, ಪಂಪಿಗೆ ನೀರೇ ಸಿಗ್ತಿರ್ಲಿಲ್ಲ. ಮೇಲಕ್ಕೆ ಏರ್ತಾ ಏರ್ತಾ ಪೈಲಟ್ ಮುಂದೆ ಕೆಂಪು ಲೈಟು ಹತ್ತೋದು, ಏರೋದು ಬಿಟ್ಟು ಇಂಜಿನ್ ತಣ್ಣಗಾಗೋವರ್ಗೂ ಕಾಯ್ಬೇಕು. ಶತ್ರು ಬಾಂಬರ್ ಅಟ್ಟಿಸ್ಕೊಂಡು ಹೋಗ್ಬೇಕಾದ ವಿಮಾನಕ್ಕೆ ಈ ಗತಿ.

1934ರ ಫೆಬ್ರವರಿ 19ಕ್ಕೆ ಮೊದಲ ಹಾರಾಟ, ಟಾಪ್ ಸ್ಪೀಡ್ 367 ಕಿ.ಮೀ. ಅಷ್ಟೇ. ಆರ್ಡರ್ ಹೋಗಿದ್ದು ಎರಡಂತಸ್ತಿನ ರೆಕ್ಕೆಯ ಗ್ಲಾಸ್ಟರ್ ಗ್ಲಾಡಿಯೇಟರ್‌ಗೆ.

ಕ್ಯಾನ್ಸರ್ ಆಪರೇಷನ್ ಆಗಿದ್ರೂ ಮಿಚೆಲ್ ಕೈಕಟ್ಟಿ ಕೂರ್ಲಿಲ್ಲ. ಮುಂದಿನ ಟೈಪ್ 300ಕ್ಕೂ (ಇದೇ ಆಮೇಲೆ ಸ್ಪಿಟ್‌ಫೈರ್ ಆಗಿದ್ದು) ಮೊದ್ಲು ಇದೇ ಆವಿ ಪದ್ಧತಿ ಅಂದ್ಕೊಂಡು ರೆಕ್ಕೆಯ ಮುಂದಿನ ಅಂಚಿನಲ್ಲಿ ಆವಿಗೆ ಜಾಗ ಬಿಟ್ಟಿದ್ರು. ಆಮೇಲೆ ಬಂದ ಮರ್ಲಿನ್ ಇಂಜಿನ್‌ಗೆ ಗ್ಲೈಕಾಲ್ ಅನ್ನೋ ದ್ರವದ ಕೂಲಿಂಗ್ ಸಾಕಾಯ್ತು, ಆವಿ ಬಿಟ್ರು, ಆದ್ರೆ ಆ ಜಾಗ ಬಿಡ್ಲಿಲ್ಲ. ದಪ್ಪ ತಗಡು ಮುಂದೆ, ರೆಕ್ಕೆಯ ಉದ್ದಕ್ಕೂ ಇರೋ ಮುಖ್ಯ ತೊಲೆ ಹಿಂದೆ, ಎರಡೂ ಸೇರಿ ಒಂದು ಪೆಟ್ಟಿಗೆ ಥರ ಆಗಿ, ರೆಕ್ಕೆ ತೆಳ್ಳಗಿದ್ರೂ ತಿರುಚಿಕೊಳ್ದೇ ಇರೋ ಶಕ್ತಿ ಬಂದಿದ್ದು ಅದ್ರಿಂದ್ಲೇ. 1936ರ ಮಾರ್ಚ್ 5ಕ್ಕೆ ಈಸ್ಟ್‌ಲೀ ವಿಮಾನ ನಿಲ್ದಾಣದಿಂದ ಟೆಸ್ಟ್ ಪೈಲಟ್ ಮಟ್ ಸಮ್ಮರ್ಸ್ ಅದನ್ನ ಹಾರಿಸಿದ್ರು, ಜೂನಲ್ಲಿ 310 ವಿಮಾನಗಳ ಆರ್ಡರ್ ಬಂತು. ಅದಾಗಿ ಒಂದು ವರ್ಷಕ್ಕೆ, 1937ರ ಜೂನ್ 11ರಂದು, 42ನೇ ವಯಸ್ಸಲ್ಲಿ ಮಿಚೆಲ್ ತೀರ್ಕೊಂಡ್ರು, ವಾಯುಪಡೆಯ ಸ್ಕ್ವಾಡ್ರನ್ನಿಗೆ ಸ್ಪಿಟ್‌ಫೈರ್ ಸೇರಿದ್ದು 1938ರಲ್ಲಿ.