ಸಾಲ್ಮನ್ ಮೊಟ್ಟೆಯ ಉಸಿರು

ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಆದ್ದರಿಂದ ಮೀನು ಸಾಯುತ್ತದೆ. ಯಾರನ್ನು ಕೇಳಿದರೂ ಒಪ್ಪಿಸುವ ಉತ್ತರ ಇದು. ಸುಳ್ಳಲ್ಲ, ಆದರೆ ಅರ್ಧ ನಿಜ, ಅದೂ ಚಿಕ್ಕ ಅರ್ಧ. 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 20 ಡಿಗ್ರಿಯಲ್ಲಿ 9.1. ಐದರಲ್ಲಿ ಒಂದು ಪಾಲು ಖೋತಾ, ಅಷ್ಟೇ. ಇಷ್ಟಕ್ಕೇ ಮೀನು ಸಾಯುವುದಾಗಿದ್ದರೆ ಏಪ್ರಿಲ್‌ನಲ್ಲಿ ಅಘನಾಶಿನಿಯಲ್ಲಿ ಒಂದು ಮೀನೂ ಉಳಿಯುತ್ತಿರಲಿಲ್ಲ.

ನಿಜವಾದ ಪೆಟ್ಟು ಬೀಳುವುದು ಖರ್ಚಿನ ಕಡೆಗೆ. ನೀರು ಕಾದಷ್ಟೂ ಮೀನಿನ ಮೈ ಕಾಯುತ್ತದೆ, ಒಳಗಿನ ರಾಸಾಯನಿಕ ಕ್ರಿಯೆಗಳೆಲ್ಲ ಚುರುಕಾಗುತ್ತವೆ. 10 ಡಿಗ್ರಿ ಏರಿದರೆ ಸುಮ್ಮನೆ ನಿಂತ ಮೀನಿಗೂ ಹೆಚ್ಚುಕಡಿಮೆ ದುಪ್ಪಟ್ಟು ಆಮ್ಲಜನಕ ಬೇಕು. ಸಂಬಳ ಕಡಿತವಾದ ತಿಂಗಳಲ್ಲೇ ಮನೆಖರ್ಚು ಎರಡು ಪಟ್ಟಾದ ಹಾಗೆ. ಹೃದಯ ಒಂದು ಮಿತಿಯವರೆಗೆ ಬಡಿತ ಹೆಚ್ಚಿಸಿ ತೂಗಿಸುತ್ತದೆ. ಆ ಮಿತಿ ದಾಟಿದರೆ ಬದುಕಿರುವುದಕ್ಕೇ ಇದ್ದಬದ್ದ ಆಮ್ಲಜನಕವೆಲ್ಲ ಮುಗಿದು, ಈಜುವುದಕ್ಕೆ ಏನೂ ಮಿಗುವುದಿಲ್ಲ. ನಮ್ಮ ಹೊಳೆಗಳ ಮೀನುಗಳಲ್ಲಿ ಈ ಮಿತಿ ಬಹಳ ಮೇಲಿದೆ. ಸಾಲ್ಮನ್‌ಗೆ ಹಾಗಲ್ಲ.

ಮೊದಲ ಮಳೆಗೆ ಹೊಳೆಯಿಂದ ಗದ್ದೆ ಕಾಲುವೆಗೆ ಏರಿಬರುವ ಹತ್ತುಮೀನನ್ನು ಶಿರಸಿ, ಸಿದ್ದಾಪುರದವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಸಾಲ್ಮನ್ ಕೂಡ ಮೊಟ್ಟೆಯಿಡಲು ಏರುವ ಮೀನೇ, ಆದರೆ ಏರುವುದು ಸಮುದ್ರದಿಂದ, ಕೆಲವೊಮ್ಮೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. (ಕಾರವಾರದ ಪೇಟೆಯ ರಾವಸ್ ಮೀನನ್ನು ಹೋಟೆಲುಗಳು ಇಂಡಿಯನ್ ಸಾಲ್ಮನ್ ಎಂದು ಬಡಿಸುತ್ತವೆ, ಅದರ ಕುಲವೇ ಬೇರೆ.) ನಿಜವಾದ ಸಾಲ್ಮನ್‌ನ ದಾಯಾದಿ ನಮಗೆ ಹತ್ತಿರದಲ್ಲಿರುವುದು ನೀಲಗಿರಿಯಲ್ಲಿ: ಟ್ರೌಟ್. ಮದ್ರಾಸು ಸೇನೆಯ ವೈದ್ಯ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಅದನ್ನು ಅಲ್ಲಿ ನೆಲೆಗೊಳಿಸಲು ಹೊರಟರು, ಕೈಗೂಡಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಳೆಬಿಲ್ಲು ಟ್ರೌಟ್ ನೆಲೆಯೂರಿತು, ಅದೂ ಬೆಟ್ಟದ ತುದಿಯ ತಣ್ಣನೆಯ ತೊರೆಗಳಲ್ಲಿ ಮಾತ್ರ. ಎಷ್ಟೇ ಹಣ ಸುರಿದರೂ ಅದನ್ನು ಕಾಳಿ ನದಿಯಲ್ಲಿ ಬಿಟ್ಟು ಬದುಕಿಸಲಾಗದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2003ರಲ್ಲಿ ವಾಯವ್ಯ ರಾಜ್ಯಗಳ ನದಿಗಳಿಗೆ ಮಿತಿಗಳನ್ನು ಸೂಚಿಸಿತು: ಸಾಲ್ಮನ್ ವಲಸೆಗೆ 20 ಡಿಗ್ರಿ, ಮೊಟ್ಟೆಗೆ 13. ದೊಡ್ಡ ಮೀನು ತಂಪು ಹುಡುಕಿಕೊಂಡು ಹೋಗಬಲ್ಲದು. ಆದರೂ 2015ರ ಬೇಸಿಗೆಯಲ್ಲಿ ಕೊಲಂಬಿಯಾ ನದಿ ಕಾದಾಗ ಸುಮಾರು ಎರಡೂವರೆ ಲಕ್ಷ ಸಾಕ್‌ಐ ಸಾಲ್ಮನ್ ದಾರಿಯಲ್ಲೇ ಸತ್ತವು. ಮೊಟ್ಟೆಗೆ ಆ ಓಡಾಟವೂ ಇಲ್ಲ.

ಹೆಣ್ಣು ಮೀನು ಒಂದು ಮಗ್ಗುಲಾಗಿ ಬಾಲ ಬಡಿದು ಜಲ್ಲಿಯಲ್ಲಿ ಗುಳಿ ತೋಡುತ್ತದೆ, ಬಟಾಣಿ ಗಾತ್ರದ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಇಟ್ಟು ಮೇಲಕ್ಕೆ ಜಲ್ಲಿ ಎಳೆಯುತ್ತದೆ. ಕೆಲವು ವಾರಗಳಲ್ಲಿ ಒಳಗೆ ಎರಡು ಕಪ್ಪು ಕಣ್ಣು ಕಾಣಿಸುತ್ತವೆ. ಆದರೆ ಕಿವಿರಿನಿಂದ ನೀರು ಎಳೆದುಕೊಳ್ಳುವ ಸೌಲಭ್ಯ ಇನ್ನೂ ಬಂದಿಲ್ಲ. ಆಮ್ಲಜನಕ ಪೊರೆಯ ಮೂಲಕ ತಾನಾಗಿಯೇ ಒಳಗೆ ಇಳಿಯಬೇಕು. ಮೊಟ್ಟೆಗೆ ತಾಗಿಕೊಂಡ ತೆಳು ನೀರಿನ ಪದರದಲ್ಲಿ ಆಮ್ಲಜನಕ ಬಳಕೆಯಾಗಿ ಮುಗಿಯುತ್ತಿರುತ್ತದೆ. ಜಲ್ಲಿಯ ಸಂದಿನಲ್ಲಿ ಹರಿವ ನೀರು ಅದನ್ನು ತುಂಬಿಕೊಡಬೇಕು. ಹರಿವು ನಿಧಾನವಾದರೆ, ಹೂಳು ತುಂಬಿದರೆ, ಸರಬರಾಜು ಕುಸಿಯುತ್ತದೆ. ನೀರು ಕಾದರೆ ಬೇಡಿಕೆ ಏರುತ್ತದೆ. ಪ್ರಯೋಗಾಲಯದ ಚುರುಕು ಹರಿವಿನಲ್ಲಿ ತಡೆದುಕೊಂಡ ಮೊಟ್ಟೆಗಳು ನದಿಯಲ್ಲಿ ಅದಕ್ಕಿಂತ ಸುಮಾರು 3 ಡಿಗ್ರಿ ಕಡಿಮೆ ಬಿಸಿಯಲ್ಲೇ ಸಾಯತೊಡಗುತ್ತವೆ ಎಂಬುದು 2017ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ ಕಂಡುಬಂತು. ಎಲ್ಲ ನೀರಿಗೂ ಸಲ್ಲುವ ಒಂದೇ ಅಪಾಯದ ಅಂಕಿ ಹುಡುಕುವವರು ಇದನ್ನು ಗಮನಿಸಬೇಕು.

ಗಾಳಿ ಬಿಸಿಯಾದ್ದರಿಂದಲೇ ಹಳ್ಳ ಬಿಸಿಯಾಗುತ್ತದೆ ಎನ್ನುವುದು ಇನ್ನೊಂದು ಅರ್ಧಸತ್ಯ. ಹವಾಮಾನ ಬದಲಾವಣೆ ಹಿಮವನ್ನು ಬೇಗ ಕರಗಿಸಿ ಬೇಸಿಗೆಯ ಹರಿವನ್ನು ಸೊರಗಿಸುತ್ತದೆ, ನಿಜ. ಆದರೆ ಸಣ್ಣ ಹಳ್ಳವನ್ನು ಹಗಲಿನಲ್ಲಿ ಕಾಯಿಸುವುದು ಮುಖ್ಯವಾಗಿ ನೇರ ಬಿಸಿಲು. ಅಮೆರಿಕದ ಒರೆಗಾನ್ ರಾಜ್ಯದ ಆಲ್ಸಿ ಕಣಿವೆಯಲ್ಲಿ 1966ರಲ್ಲಿ ಒಂದು ಹಳ್ಳದ ದಡದವರೆಗೂ ಮರ ಕಡಿದು, ಇನ್ನೊಂದರ ದಡದಲ್ಲಿ ಮರಗಳ ಪಟ್ಟಿ ಬಿಟ್ಟು, ಮೂರನೆಯದನ್ನು ಮುಟ್ಟದೆ ಅಳೆದರು. ಬೋಳಾದ ಹಳ್ಳವೇ ವಿಪರೀತ ಕಾದಿತು. ಇದನ್ನು ನಂಬಲು ಒರೆಗಾನ್‌ಗೆ ಹೋಗಬೇಕಿಲ್ಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳ ಜೌಗು ಕಾಡಿನ) ನೀರಿಗೆ ಮಾರ್ಚ್ ಮಧ್ಯಾಹ್ನ ಕಾಲಿಡಿ, ಆಮೇಲೆ ಬೆಟ್ಟ ಬೋಳಾದ ಕಡೆಯ ಹಳ್ಳಕ್ಕೆ ಇಡಿ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟವನ್ನು ಸೊಪ್ಪಿಗಾಗಿ ಮಾತ್ರ ಲೆಕ್ಕ ಹಾಕುವವರು ಈ ನೆರಳಿನ ಬೆಲೆಯನ್ನೂ ಸೇರಿಸಿಕೊಳ್ಳಲಿ.

ಚಿನೂಕ್ ಸಾಲ್ಮನ್‌ನ ಒಂದು ತಳಿಯ ಪಾಡು ಇನ್ನೂ ವಿಚಿತ್ರ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿ ಹೊಕ್ಕು, ಉರಿಬೇಸಿಗೆಯಲ್ಲಿ ಮೊಟ್ಟೆಯಿಡುವ ತಳಿ ಅದು. ಹಿಂದೆ ಅದು ಏರುತ್ತಿದ್ದುದು ಬುಗ್ಗೆಗಳು ಪೋಷಿಸುವ ಮೆಕ್ಲೌಡ್‌ನಂಥ ತಣ್ಣನೆಯ ಹೊಳೆಗಳಿಗೆ. 1945ರಲ್ಲಿ ಪೂರ್ಣಗೊಂಡ ಶಾಸ್ತಾ ಅಣೆಕಟ್ಟು ದಾರಿ ಮುಚ್ಚಿತು. ಜಲಾಶಯದ ತಳದ ನೀರು ಬೇಸಿಗೆಯಲ್ಲೂ ತಣ್ಣಗಿರುವುದರಿಂದ, ಅಣೆಕಟ್ಟಿನ ಕೆಳಗಿನ ನದಿಯಲ್ಲೇ ತಳಿ ಹೇಗೋ ಬದುಕಿಕೊಂಡಿತು. ಬೇಕಾದ ಆಳದ ನೀರನ್ನು ಆರಿಸಿ ಬಿಡಲು 1997ರಲ್ಲಿ ಅಣೆಕಟ್ಟಿಗೆ ಬೃಹತ್ ಉಕ್ಕಿನ ಕವಚವನ್ನೇ ತೊಡಿಸಿದರು. 2014 ಮತ್ತು 2015ರ ಬರಗಾಲದಲ್ಲಿ ಆ ತಣ್ಣೀರೇ ತೀರಿಹೋಯಿತು. ಎರಡೂ ವರ್ಷ ಮೊಟ್ಟೆ, ಮರಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು.

2022ರಲ್ಲಿ, ಮತ್ತೊಂದು ಬರದ ನಡುವೆ, ವಿನ್ನೆಮೆಮ್ ವಿಂಟು ಬುಡಕಟ್ಟಿನವರೂ ಸರ್ಕಾರಿ ಇಲಾಖೆಗಳೂ ಸೇರಿ ಸುಮಾರು 40 ಸಾವಿರ ಮೊಟ್ಟೆಗಳನ್ನು ಅಣೆಕಟ್ಟಿನ ಮೇಲಿನ ಮೆಕ್ಲೌಡ್‌ಗೆ ಒಯ್ದು ಮರಿ ಮಾಡಿಸಿದರು. ಮರಿಗಳೇನೋ ಚೆನ್ನಾಗಿ ಬೆಳೆದವು. ಸಮುದ್ರಕ್ಕೆ ಇಳಿಯಬೇಕಾದ ದಾರಿಯಲ್ಲಿ ಅಣೆಕಟ್ಟು ಇರುವುದರಿಂದ, ಬಲೆಗೆ ಸಿಕ್ಕಷ್ಟನ್ನು ಹಿಡಿದು, ವಾಹನದಲ್ಲಿ ಸಾಗಿಸಿ ಕೆಳಗಿನ ನದಿಗೆ ಬಿಟ್ಟರು.