ಜೆಲ್ ಇಟ್ಟರೆ ಸಿಸೇರಿಯನ್ ಆಗೇ ಆಗುತ್ತಾ?

ಪ್ರಶ್ನೆ: ಸಿಸ್ಟರ್, ನನಗೆ ಇದು ಮೊದಲನೇ ಹೆರಿಗೆ. 40 ವಾರ 5 ದಿನ ಆಯಿತು, ಇನ್ನೂ ನೋವು ಬಂದಿಲ್ಲ. ನಾಳಿದ್ದು ಅಡ್ಮಿಟ್ ಆಗಿ, ಜೆಲ್ ಇಟ್ಟು ನೋವು ಬರಿಸೋಣ ಅಂದಿದ್ದಾರೆ ಡಾಕ್ಟರ್. ಜೆಲ್ ಇಟ್ಟವರಿಗೆಲ್ಲ ಕೊನೆಗೆ ಸಿಸೇರಿಯನ್ನೇ ಆಗೋದು, ಒಪ್ಪಬೇಡ ಅಂತಿದ್ದಾರೆ ನಮ್ಮ ಅತ್ತೆ. ಅಲ್ಲಿ ಏನೇನು ಮಾಡ್ತಾರೆ? ಅತ್ತೆ ಹೇಳೋದು ನಿಜಾನಾ?
(ಒಬ್ಬ ಓದುಗರು, ರಾಜಾಜಿನಗರ)

ಉತ್ತರ: ನಿಜ ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕ ಇಲ್ಲ. ಲೇಬರ್ ವಾರ್ಡಿನಲ್ಲಿ ಗ್ಲೌಸ್ ಹಾಕಿಕೊಳ್ಳುತ್ತಾ ಹೇಳಿದ್ದೇನೆ, ಹೊರಗೆ ಫ್ಲಾಸ್ಕ್ ಹಿಡಿದು ನಿಂತ ಅಮ್ಮಂದಿರಿಗೆ ಹೇಳಿದ್ದೇನೆ. ರಿಟೈರ್ ಆದ ಮೇಲೂ ಬಸುರಿಯರ ಕ್ಲಾಸಿನಲ್ಲಿ ಪ್ರತಿ ಶನಿವಾರ ಹೇಳುತ್ತಿದ್ದೇನೆ. ಮುಂದಿನ ಶನಿವಾರ ಯಾರೋ ಒಬ್ಬರು ಮತ್ತೆ ಕೇಳುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಅಡ್ಮಿಟ್ ಆದ ಕೂಡಲೇ ಹೊಟ್ಟೆಗೆ ಬೆಲ್ಟ್ ಕಟ್ಟಿ ಇಪ್ಪತ್ತು ನಿಮಿಷ ಮಗುವಿನ ಎದೆಬಡಿತ ನೋಡುತ್ತಾರೆ. ಅದೇ ಎನ್‌ಎಸ್‌ಟಿ, ನೀವು ಆಗಲೇ ಮಾಡಿಸಿರುತ್ತೀರಿ. ಆಮೇಲೆ ಒಳಗೆ ಬೆರಳಿಟ್ಟು ಗರ್ಭಕೋಶದ ಬಾಯಿ ಹೇಗಿದೆ ಅಂತ ನೋಡುತ್ತಾರೆ. ಅರ್ಧ ತೀರ್ಮಾನ ಇಲ್ಲೇ ಆಗುವುದು. ನಿಮ್ಮ ಮೂಗಿನ ತುದಿ ಮುಟ್ಟಿ ನೋಡಿ. ಹದ ಆಗದ ಬಾಯಿ ಹಾಗೆ ಗಟ್ಟಿ ಇರುತ್ತದೆ. ಈಗ ತುಟಿ ಮುಟ್ಟಿ. ಹೆರಿಗೆಗೆ ಹದವಾದ ಬಾಯಿ ಹಾಗೆ ಮೆತ್ತಗಿರುತ್ತದೆ. ಮೂಗಿನಂತೆ ಇರುವುದನ್ನು ತುಟಿಯಂತೆ ಮಾಡುವುದೇ ಜೆಲ್ಲಿನ ಕೆಲಸ.

ಬಾಯಿ ಎಷ್ಟು ಮೆತ್ತಗಿದೆ, ಎಷ್ಟು ತೆಳುವಾಗಿದೆ, ಎಷ್ಟು ತೆರೆದಿದೆ, ಮುಂದಕ್ಕಿದೆಯಾ ಹಿಂದಕ್ಕಿದೆಯಾ, ಮಗುವಿನ ತಲೆ ಎಷ್ಟು ಇಳಿದಿದೆ, ಈ ಐದಕ್ಕೂ ಅಂಕ ಕೊಡುತ್ತಾರೆ. ಬಿಷಪ್ ಅನ್ನುವ ಅಮೆರಿಕದ ಡಾಕ್ಟರು 1964ರಲ್ಲಿ ಮಾಡಿಟ್ಟ ಲೆಕ್ಕ ಇದು. 13ಕ್ಕೆ 8 ದಾಟಿದ್ದರೆ ಜೆಲ್ ಬೇಕಾಗದೆಯೂ ಇರಬಹುದು. 6ಕ್ಕಿಂತ ಕಡಿಮೆ ಇದ್ದರೆ ಮೊದಲು ಬಾಯಿ ಹದ ಮಾಡಬೇಕು.

ಜೆಲ್ ಚಿಕ್ಕ ಸಿರಿಂಜಿನಲ್ಲಿ ಬರುತ್ತದೆ. ಫ್ರಿಜ್‌ನಲ್ಲಿಡುವ ಔಷಧಿ. ಇಟ್ಟ ಮೇಲೆ ಅರ್ಧ ಗಂಟೆ ಮಲಗಿರಬೇಕು, ಆಮೇಲೆ ಓಡಾಡಬಹುದು. ಆರು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಬೇಕಾದರೆ ಎರಡನೆಯದು, ಮೂರನೆಯದು. ಒಂದು ದಿನಕ್ಕೆ ಅದಕ್ಕಿಂತ ಜಾಸ್ತಿ ಇಡುವುದಿಲ್ಲ. ಕೆಲವು ಕಡೆ ಜೆಲ್ ಬದಲು ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುತ್ತಾರೆ. ಇನ್ನು ಕೆಲವು ಕಡೆ ಬಲೂನ್ ಹಾಕುತ್ತಾರೆ. ಮೂತ್ರಕ್ಕೆ ಹಾಕುವ ಫೋಲಿ ಟ್ಯೂಬೇ ಅದು. ತುದಿಯ ಬಲೂನಿಗೆ ನೀರು ತುಂಬಿ ಬಾಯಿಯ ಒಳಗಡೆ ಕೂರಿಸುತ್ತಾರೆ. ಮೂರು ನಾಲ್ಕು ಸೆಂಟಿಮೀಟರ್ ತೆರೆದಾಗ ತಾನೇ ಕಳಚಿ ಬರುತ್ತದೆ. ಹಿಂದೆ ಸಿಸೇರಿಯನ್ ಆದವರಿಗೆ ಮಿಸೊಪ್ರೊಸ್ಟಾಲ್ ಕೊಡುವ ಹಾಗಿಲ್ಲ, ಹಳೇ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಇರುತ್ತದೆ. ನಿಮ್ಮದು ಮೊದಲನೆಯದು, ಆ ಚಿಂತೆ ಇಲ್ಲ.

ಬಾಯಿ ಹದ ಆದ ಮೇಲೆ ನೀರು ಒಡೆಯುತ್ತಾರೆ. ಮಗುವಿಗೆ ಅದರಿಂದ ನೋವಾಗುವುದಿಲ್ಲ, ನಿಮಗೆ ಬೆಚ್ಚಗೆ ನೀರು ಹರಿದ ಹಾಗೆ ಅನ್ನಿಸುತ್ತದೆ ಅಷ್ಟೇ. ನೋವು ಇನ್ನೂ ಸಾಲದು ಅಂದರೆ ಆಕ್ಸಿಟೋಸಿನ್ ಡ್ರಿಪ್. ಪಂಪಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಜಾಸ್ತಿ ನೋವು ಬಂದರೆ ತಗ್ಗಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಅದರ ಜೋರು ಇಳಿಯುತ್ತದೆ. ಡ್ರಿಪ್ಪಿನ ನೋವು ಬೇಗ ಬೇಗ ಏರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತಡೆಯಲು ಆಗುತ್ತಿಲ್ಲ ಅನ್ನಿಸಿದರೆ ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಔಷಧಿ, ಕೇಳಿ. ಕೇಳಲು ಸಂಕೋಚ ಬೇಡ.

ಈಗ ಅತ್ತೆಯ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಕಣ್ಣಾರೆ ನೋಡಿದ್ದನ್ನೇ ಹೇಳುತ್ತಿದ್ದಾರೆ. ಎದುರುಮನೆ ಹುಡುಗಿಗೆ ಜೆಲ್ ಇಟ್ಟರು, ಸಿಸೇರಿಯನ್ ಆಯಿತು. ನಾದಿನಿ ಮಗಳಿಗೆ ತಾನಾಗಿ ನೋವು ಬಂತು, ನಾರ್ಮಲ್ ಆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಜೆಲ್ ಮೇಲೇ ಅನುಮಾನ ಬರುತ್ತದೆ. ಆದರೆ ಎದುರುಮನೆ ಹುಡುಗಿಗೆ ಜೆಲ್ ಯಾಕೆ ಇಟ್ಟರು ಅಂತ ಯಾರೂ ಕೇಳುವುದಿಲ್ಲ. ಬಿಪಿ ಇತ್ತಾ? ಶುಗರ್ ಇತ್ತಾ? ನೀರು ಕಡಿಮೆ ಆಗಿತ್ತಾ? ಮಗು ಬೆಳೆಯುವುದು ನಿಂತಿತ್ತಾ? ಅಂಥವರಿಗೆ ಜೆಲ್ ಇಡದಿದ್ದರೂ ಸಿಸೇರಿಯನ್ ಆಗುವ ಸಂಭವ ಜಾಸ್ತಿಯೇ ಇರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಓದಿದವರೂ ಇಲ್ಲಿ ಎಡವುತ್ತಾರೆ. ಜೆಲ್ ನೋವನ್ನು ತಾನಾಗಿ ಬಂದ ನೋವಿನ ಜೊತೆ ತೂಗಿ ನೋಡುತ್ತಾರೆ. ತಾನಾಗಿ ನೋವು ಬಂದಿದ್ದರೆ ನೀವು ನನಗೆ ಈ ಪ್ರಶ್ನೆಯನ್ನೇ ಕಳಿಸುತ್ತಿರಲಿಲ್ಲ, ಅಲ್ವಾ? ಇವತ್ತು ನಿಮಗಿರುವುದು ಎರಡೇ ದಾರಿ. ಜೆಲ್ ಇಡಿಸಿಕೊಳ್ಳುವುದು, ಇಲ್ಲವೇ ಕಾಯುವುದು. ಕಾದವರಲ್ಲಿ ಬಹಳ ಜನಕ್ಕೆ ನೋವು ಬರುತ್ತದೆ. ಇನ್ನು ಕೆಲವರಿಗೆ ಬಿಪಿ ಏರುತ್ತದೆ, ನೀರು ಕಡಿಮೆ ಆಗುತ್ತದೆ, ಮಗು ಒಳಗೇ ಮಲ ಮಾಡಿಬಿಡುತ್ತದೆ. ಅವರಲ್ಲೂ ಸಿಸೇರಿಯನ್ ಆಗುತ್ತದೆ. ಆಗ ಮಾತ್ರ ಯಾರೂ ‘ಕಾದಿದ್ದಕ್ಕೆ ಸಿಸೇರಿಯನ್ ಆಯಿತು’ ಅನ್ನುವುದಿಲ್ಲ.

ಹೀಗೆ ಸರಿಯಾಗಿ ತೂಗಿ ನೋಡಿದ್ದೂ ಆಗಿದೆ. ಅಮೆರಿಕದಲ್ಲಿ ಅರೈವ್ ಅನ್ನುವ ಅಧ್ಯಯನ ನಡೆಯಿತು, ಫಲಿತಾಂಶ 2018ರಲ್ಲಿ ಬಂತು. ಮೊದಲ ಹೆರಿಗೆಯ, ಬೇರೆ ತೊಂದರೆ ಇಲ್ಲದ 6,000ಕ್ಕೂ ಹೆಚ್ಚು ಬಸುರಿಯರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 39ನೇ ವಾರದಲ್ಲೇ ನೋವು ಬರಿಸಿದರು, ಇನ್ನೊಂದು ಗುಂಪಿನವರು ಕಾದರು. ಕಾದವರಲ್ಲಿ 100ಕ್ಕೆ 22.2 ಜನಕ್ಕೆ ಸಿಸೇರಿಯನ್. ನೋವು ಬರಿಸಿದವರಲ್ಲಿ 18.6. ಇನ್ನೊಮ್ಮೆ ಓದಿ. ನೋವು ಬರಿಸಿದವರಲ್ಲೇ ಕಡಿಮೆ. ಸ್ವೀಡನ್‌ನಲ್ಲಿ 41 ವಾರಕ್ಕೆ ನೋವು ಬರಿಸಿದವರನ್ನೂ 42ರ ತನಕ ಕಾದವರನ್ನೂ ಇಟ್ಟು ನೋಡಿದರು. ಸಿಸೇರಿಯನ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಆದರೆ ಕಾದ ಗುಂಪಿನಲ್ಲಿ ಆರು ಮಕ್ಕಳು ಹೋದವು, ಇನ್ನೊಂದು ಗುಂಪಿನಲ್ಲಿ ಒಂದೂ ಇಲ್ಲ. ಆ ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಕೂಡ 41 ವಾರ ತುಂಬಿದವರಿಗೆ ನೋವು ಬರಿಸಿ ಅನ್ನುತ್ತದೆ. ನಿಮಗೆ ನಾಳಿದ್ದು ಆಗುವುದು ಅಷ್ಟೇ, 41 ವಾರ.

ಹಾಗಾದರೆ ನಮ್ಮ ಕಡೆ ಜೆಲ್ ಇಟ್ಟ ಮೇಲೆ ಇಷ್ಟು ಸಿಸೇರಿಯನ್ ಯಾಕೆ ಅಂತ ಕೇಳುತ್ತೀರಿ. ಬಿಪಿ, ಶುಗರ್ ಮಾತು ಆಗಲೇ ಆಯಿತು. ಅದು ಬಿಟ್ಟು ನಾನು ಕಂಡಿದ್ದು ಒಂದಿದೆ, ಅದು ಅವಸರ. ಮೊದಲ ಹೆರಿಗೆ, ಗಟ್ಟಿ ಬಾಯಿ ಅಂದರೆ ಒಂದು ದಿನ, ಒಂದೂವರೆ ದಿನ, ಕೆಲವು ಸಲ ಎರಡು ದಿನ ಹಿಡಿಯುತ್ತದೆ. ಐದು ಸೆಂಟಿಮೀಟರ್ ಆಗುವ ತನಕ ಬಹಳ ನಿಧಾನ. ನೀರು ಒಡೆದು, ಡ್ರಿಪ್ ಹಾಕಿ 12ರಿಂದ 18 ಗಂಟೆ ಆದರೂ ಕಾಯದೆ ‘ಜೆಲ್ ಫೇಲ್ ಆಯಿತು’ ಅನ್ನಬೇಡಿ ಅಂತ ಅಮೆರಿಕದ ಹೆರಿಗೆ ಡಾಕ್ಟರುಗಳ ಸಂಘ 2014ರಲ್ಲೇ ಹೇಳಿದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಮಾತ್ರ ಈ ಮಾತು. ಮಗುವಿನ ಎದೆಬಡಿತ ಬಿದ್ದರೆ ಗಡಿಯಾರ ನೋಡುತ್ತಾ ಕೂರುವುದಿಲ್ಲ. ನಮ್ಮ ದೇಶದಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ 100ಕ್ಕೆ 14.3 ಸಿಸೇರಿಯನ್, ಪ್ರೈವೇಟ್‌ನಲ್ಲಿ 47.4. ಕಷ್ಟದ ಕೇಸುಗಳನ್ನು ಊರೂರಿಂದ ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಗೇ ಕಳಿಸುತ್ತಾರೆ, ಗೊತ್ತಿರಲಿ. ಇಷ್ಟೊಂದು ವ್ಯತ್ಯಾಸ ಜೆಲ್‌ನಿಂದ ಬರಲು ಸಾಧ್ಯವಿಲ್ಲ.

ಅವಸರ ಬರೀ ಡಾಕ್ಟರುಗಳದ್ದಲ್ಲ. ಒಬ್ಬ ಹುಡುಗಿ ನೆನಪಾಗುತ್ತಾಳೆ. ಮಂಡ್ಯ ಕಡೆ ತವರು. ಸೋಮವಾರ ರಾತ್ರಿ ಮೊದಲ ಜೆಲ್. ಮಂಗಳವಾರ ಸಂಜೆಗೆ ಎರಡು ಬೆರಳು ತೆರೆದಿತ್ತು ಅಷ್ಟೇ. ಮಗು ಗಟ್ಟಿಯಾಗಿತ್ತು, ಹುಡುಗಿಯೂ ಗಟ್ಟಿಯಾಗಿದ್ದಳು. ಹೊರಗೆ ಮಾತ್ರ ಅವಳ ತಾಯಿ, ಅತ್ತೆ, ಗಂಡ ಮೂವರೂ ‘ಇನ್ನೂ ಎಷ್ಟು ಹೊತ್ತು ನರಳಿಸ್ತೀರಿ, ಕೊಯ್ದುಬಿಡಿ’ ಅಂತ ಕೂತಿದ್ದರು. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಸಮಾಧಾನ ಹೇಳಿದೆ. ಬುಧವಾರ ಬೆಳಗಿನ ಜಾವ ನಾರ್ಮಲ್ ಆಯಿತು. ಆ ರಾತ್ರಿ ಡಾಕ್ಟರು ಮನೆಯವರ ಮಾತಿಗೆ ಸೋತಿದ್ದರೆ, ಅವರ ಬೀದಿಯಲ್ಲಿ ಇವತ್ತಿಗೂ ‘ಜೆಲ್ ಇಟ್ಟರು, ಸಿಸೇರಿಯನ್ ಆಯಿತು’ ಅಂತಲೇ ಹೇಳುತ್ತಿದ್ದರು.

ಹಾಗಾಗಿ ಡಾಕ್ಟರನ್ನು ಜೆಲ್ ಬೇಕಾ ಬೇಡವಾ ಅಂತ ಕೇಳುವುದರ ಜೊತೆಗೆ, ‘ನಾನೂ ಮಗುವೂ ಚೆನ್ನಾಗಿದ್ದರೆ ಎಷ್ಟು ಹೊತ್ತು ಕಾಯುತ್ತೀರಿ?’ ಅಂತಲೂ ಕೇಳಿ. ಮನೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ. ಹರಳೆಣ್ಣೆ ಕುಡಿಯಬೇಡಿ, ಸುಮ್ನೆ ಭೇದಿಯಾಗಿ ಸುಸ್ತಾಗುತ್ತೀರಿ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ನೀರು ಹೋದರೆ, ರಕ್ತ ಕಂಡರೆ ನಾಳಿದ್ದಿನ ತನಕ ಕಾಯದೆ ಇವತ್ತೇ ಹೊರಡಿ. ಅಮಾವಾಸ್ಯೆ ಇದ್ದರೂ ಹೊರಡಿ.

ನೀವು ಕೇಳದ ಒಂದು ವಿಷಯ ಇದೆ, ಆದರೆ ನಿಮ್ಮ ‘40 ವಾರ 5 ದಿನ’ ಓದಿದ ಕೂಡಲೇ ನನಗೆ ಮೊದಲು ಹೊಳೆದದ್ದು ಅದೇ. ಈ ಲೆಕ್ಕ ಎಲ್ಲಿಂದ ಬಂತು? ನಮ್ಮಜ್ಜಿಯರು ‘ಒಂಬತ್ತು ತಿಂಗಳು ಒಂಬತ್ತು ದಿನ’ ಅನ್ನುತ್ತಿದ್ದರು. ಕೊನೇ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ ಅಂದವರು ಜರ್ಮನಿಯ ನೇಗಲೆ ಅನ್ನುವ ಡಾಕ್ಟರು. ಇವತ್ತಿಗೂ ನಾವು ಲೆಕ್ಕ ಹಾಕುವುದು ಹಾಗೆಯೇ, 280 ದಿನ. ಅಜ್ಜಿಗೂ ಅವರಿಗೂ ಎರಡೇ ದಿನದ ವ್ಯತ್ಯಾಸ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆ ಆಗುತ್ತದೆ.

ಆದರೆ ಈ ಲೆಕ್ಕ 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ. ನಿಮ್ಮದು 35 ದಿನಕ್ಕೊಮ್ಮೆ ಆಗಿದ್ದರೆ ಡ್ಯೂ ಡೇಟ್ ಒಂದು ವಾರ ಮುಂದಕ್ಕೆ ಹೋಗುತ್ತದೆ. ಆಗ ಇವತ್ತು ನಿಮಗೆ 39 ವಾರ 5 ದಿನ. ಪಿಸಿಓಡಿ, ಅಂದರೆ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ, ಇರುವ ಎಷ್ಟೋ ಹುಡುಗಿಯರ ಕಥೆ ಇದು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಹೇಳುವ ತಾರೀಕು ಹೆಚ್ಚೆಂದರೆ ಐದಾರು ದಿನ ಆಚೀಚೆ ಆಗಬಹುದು. ಎಂಟು, ಒಂಬತ್ತನೇ ತಿಂಗಳ ಸ್ಕ್ಯಾನ್ ಮೂರು ವಾರದ ತನಕ ತಪ್ಪಬಹುದು. ಪ್ರತಿ ರಿಪೋರ್ಟಿನಲ್ಲೂ ಬೇರೆ ಬೇರೆ ತಾರೀಕು ಅಚ್ಚಾಗಿರುವುದು ಅದಕ್ಕೇ. ಕೊನೇ ರಿಪೋರ್ಟಿನ ತಾರೀಕು ನೋಡಿ ಗಾಬರಿ ಆಗಬೇಡಿ.

ನಾಳಿದ್ದು ಹೋಗುವಾಗ ತಾಯಿ ಕಾರ್ಡಿನ ಜೊತೆ ಆ ಮೊದಲ ಸ್ಕ್ಯಾನಿನ ರಿಪೋರ್ಟ್ ಹುಡುಕಿ ಇಟ್ಟುಕೊಳ್ಳಿ. ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತಿತ್ತು ಅಂತ ಹೇಳಿ. ಜೆಲ್ ಇಡುವ ಮುಂಚೆ ‘ಡಾಕ್ಟರ್, ತಾರೀಕು ಇನ್ನೊಮ್ಮೆ ನೋಡ್ತೀರಾ?’ ಅಂತ ಕೇಳಿ. ಎರಡು ನಿಮಿಷದ ಕೆಲಸ.